ಚೀಟಿಯ ನಕಲಿನಲ್ಲಿ ಏನೇನು ಹೋಗಬೇಕು?

ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಒಂದು ಅಡಿಕೆ ಅಂಗಡಿ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಪೈಥಾನ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ ಇದೆ. ಯಾರಾದರೂ ಅಡಿಕೆ ತಂದರೆ ಕಂಪ್ಯೂಟರಿನೊಳಗೆ ಒಂದು ಚೀಟಿ ಹುಟ್ಟುತ್ತದೆ. ಪ್ರೋಗ್ರಾಮರುಗಳ ಮಾತಿನಲ್ಲಿ ಅದೊಂದು ಆಬ್ಜೆಕ್ಟ್. ಅಂಥ ಚೀಟಿಗಳನ್ನು ಹುಟ್ಟಿಸುವ ಅಚ್ಚಿಗೆ ಕ್ಲಾಸ್ ಎನ್ನುತ್ತಾರೆ. ಅದರಲ್ಲಿ ತಂದವರ ಹೆಸರು ಇರುತ್ತದೆ, ಗೋಣಿಗಳ ತೂಕದ ಪಟ್ಟಿ ಇರುತ್ತದೆ, ಹೊಸತು, ಹಳತು, ಪಟೋರ, ಕೋಕ ಎಂದು ಅಡಿಕೆಯ ಬಗೆಗೊಂದರಂತೆ ಆ ದಿನದ ದರಪಟ್ಟಿ ಇರುತ್ತದೆ. ಜೊತೆಗೆ, ತೂಗಿದ್ದನ್ನು ಆಗಿಂದಾಗಲೇ ಬರೆದಿಡಲು ತೆರೆದಿಟ್ಟ ಒಂದು ಫೈಲ್.

ಅಣ್ಣನ ಚೀಟಿ ಆಯಿತು. ತಮ್ಮನ ಅಡಿಕೆಯೂ ಅದೇ ಜೀಪಿನಲ್ಲಿ ಬಂದಿದೆ. ಮೊದಲಿಂದ ಯಾಕೆ ಬರೆಯುವುದು, ಕಾಪಿ ಮಾಡಿ ಹೆಸರು ಬದಲಿಸಿದರಾಯಿತು ಅಲ್ವಾ? ಪೈಥಾನಿನ ಜೊತೆಗೇ ಬರುವ ಕಾಪಿ ಎಂಬ ಮಾಡ್ಯೂಲಿಗೆ (ಸಿದ್ಧ ಕೋಡಿನ ಕಟ್ಟು) ಹೇಳಿದರೆ ತಕ್ಷಣ ಹೊಸ ಚೀಟಿ ಸಿಗುತ್ತದೆ. ತಮ್ಮನ ಹೆಸರು ಹಾಕಿದರೆ ಅಣ್ಣನ ಹೆಸರಿಗೆ ಏನೂ ಆಗುವುದಿಲ್ಲ. ಆದರೆ ತಮ್ಮನ ಒಂದು ಗೋಣಿ ಸೇರಿಸಿ ನೋಡಿ. ಅಣ್ಣನ ಚೀಟಿಯಲ್ಲೂ ಒಂದು ಗೋಣಿ ಜಾಸ್ತಿ! ಚೀಟಿ ಎರಡಾದರೂ ಗೋಣಿಪಟ್ಟಿ ಒಂದೇ. ಎರಡೂ ಚೀಟಿಗಳು ಅದನ್ನೇ ಬೆರಳು ಮಾಡಿ ತೋರಿಸುತ್ತಿವೆ. ಇದಕ್ಕೆ ಶ್ಯಾಲೋ ಕಾಪಿ ಎನ್ನುತ್ತಾರೆ. 2024ರಲ್ಲಿ ಬಂದ ಪೈಥಾನ್ 3.13ರಲ್ಲಿ ಕಾಪಿ ಮಾಡುವಾಗಲೇ ಹೆಸರು ಬದಲಿಸಲು ರಿಪ್ಲೇಸ್ ಎಂಬ ಫಂಕ್ಷನ್ ಇದೆ. ಚೀಟಿಯನ್ನು ಡೇಟಾಕ್ಲಾಸ್ ಆಗಿ, ಅಂದರೆ ವಿವರಗಳನ್ನು ಇಡಲೆಂದೇ ಇರುವ ಬಗೆಯ ಕ್ಲಾಸ್ ಆಗಿ, ಬರೆದಿದ್ದರೆ ಅದು ಸುಲಭವಾಗಿ ಕೆಲಸ ಮಾಡುತ್ತದೆ. ಗೋಣಿಪಟ್ಟಿಯ ಪಾಡು ಮಾತ್ರ ಅದೇ.

ಹಾಗಾದರೆ ಡೀಪ್‌ಕಾಪಿ ಮಾಡೋಣ. ಅದು ಒಳಗಿನದನ್ನೆಲ್ಲ ಬುಡದವರೆಗೆ ನಕಲು ಮಾಡುತ್ತದೆ. ಚೀಟಿಯೊಳಗೆ ಕೃಷಿಕ, ಕೃಷಿಕನೊಳಗೆ ಮತ್ತೆ ಅದೇ ಚೀಟಿ ಎಂದು ಸುತ್ತು ಬಂದರೂ ಅದು ತಿರುಗಿ ತಿರುಗಿ ಸೋಲುವುದಿಲ್ಲ. ಯಾವುದನ್ನೆಲ್ಲ ನಕಲು ಮಾಡಿ ಆಯಿತು ಎಂದು ಮೆಮೊ ಎಂಬ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ.

ಆದರೆ ನಮ್ಮ ಚೀಟಿಗೆ ಡೀಪ್‌ಕಾಪಿ ಆಗುವುದೇ ಇಲ್ಲ. ತೆರೆದ ಫೈಲನ್ನು ಪಿಕಲ್ ಮಾಡಲಾಗದು ಎಂದು ಪೈಥಾನ್ ತಕರಾರು ತೆಗೆಯುತ್ತದೆ. ನಾವು ಹೇಳಿದ್ದು ಕಾಪಿ ಮಾಡು ಎಂದು, ಈ ಪಿಕಲ್ ಎಲ್ಲಿಂದ ಬಂತು? ಪಿಕಲ್ ಎಂದರೆ ಆಬ್ಜೆಕ್ಟನ್ನು ಬೈಟುಗಳ ಸಾಲಾಗಿ ಮಾಡಿ ಡಿಸ್ಕಿನಲ್ಲಿ ಇಡುವ ಮಾಡ್ಯೂಲು. ಕ್ಲಾಸ್ ಬರೆದವರು ಬೇರೇನೂ ಹೇಳದಿದ್ದರೆ, ನಕಲು ಮಾಡುವುದಕ್ಕೂ ಪೈಥಾನ್ ಅದೇ ದಾರಿ ಹಿಡಿಯುತ್ತದೆ. ಮೊದಲ ಸಲ ನೋಡಿದವರಿಗೆ ಈ ತಕರಾರು ತಲೆಬುಡ ಅರ್ಥವಾಗುವುದಿಲ್ಲ.

ಇಲ್ಲಿ ಕ್ಲಾಸಿನ ಒಳಗೇ ನಮ್ಮ ಮಾತು ನಡೆಸಬಹುದು. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಹಾಕಿ ಗೆಟ್‌ಸ್ಟೇಟ್ ಎಂಬ ಮೆಥಡ್ (ಕ್ಲಾಸಿಗೆ ಸೇರಿದ ಫಂಕ್ಷನ್) ಬರೆದರೆ, ಏನನ್ನು ಕಟ್ಟಿ ಕೊಡಬೇಕು ಎಂದು ಪೈಥಾನ್ ಅದನ್ನೇ ಕೇಳುತ್ತದೆ. ಚೀಟಿಯ ವಿವರಗಳನ್ನು ಹೆಸರು ಹಚ್ಚಿ ಇಟ್ಟ ಡಿಕ್ಷನರಿಯನ್ನು ಮೊದಲು ನಕಲು ಮಾಡಿ, ಆ ನಕಲಿನಿಂದ ಫೈಲನ್ನು ತೆಗೆದು, ಉಳಿದದ್ದನ್ನು ಕೊಟ್ಟರೆ ಸಾಕು. ನಕಲು ಮಾಡದೆ ಮೂಲದಿಂದಲೇ ತೆಗೆದಿರೋ, ತೂಕ ನಡೆಯುತ್ತಿರುವ ಚೀಟಿಗೇ ಫೈಲ್ ಇಲ್ಲದಾಗುತ್ತದೆ. ಇದರ ಜೋಡಿ ಸೆಟ್‌ಸ್ಟೇಟ್. ಅದು ಕಟ್ಟಿದ್ದನ್ನು ಬಿಚ್ಚಿ ಫೈಲನ್ನು ಮತ್ತೆ ತೆರೆಯುತ್ತದೆ.

ಬಿಚ್ಚುವಾಗ ಸಾಮಾನ್ಯವಾಗಿ ಇನಿಟ್, ಅಂದರೆ ಹೊಸ ಚೀಟಿ ಹುಟ್ಟುವಾಗ ಓಡುವ ಮೆಥಡ್, ಓಡುವುದಿಲ್ಲ. ಇದು ಒಳ್ಳೆಯದೇ. ಇನಿಟ್‌ನಲ್ಲಿ ರಶೀದಿ ನಂಬರ್ ಒಂದು ಏರಿಸುವ ಸಾಲಿದ್ದರೆ, ಹಳೆಯ ಚೀಟಿ ತೆರೆದಾಗಲೆಲ್ಲ ನಂಬರ್ ಏರುತ್ತಾ ಹೋಗುತ್ತಿತ್ತು. ಚೀಟಿಗೆ ಮೊಬೈಲ್ ನಂಬರ್ ಆಮೇಲೆ ಸೇರಿಸಿದ್ದು ಎಂದಾದರೆ ಕಳೆದ ವರ್ಷದ ಚೀಟಿಗಳಲ್ಲಿ ಆ ಜಾಗವೇ ಇರುವುದಿಲ್ಲ. ಅದನ್ನು ತುಂಬಿಕೊಳ್ಳಲೂ ಸೆಟ್‌ಸ್ಟೇಟೇ ಸರಿ.

ಇನ್ನು ದರಪಟ್ಟಿ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಗಂಟು. ಡೀಪ್‌ಕಾಪಿ ಮಾಡಿದರೆ ಪ್ರತಿ ಚೀಟಿಗೂ ಬೇರೆ ದರಪಟ್ಟಿ. ಮಧ್ಯಾಹ್ನ ಪಟೋರದ ದರ ಬದಲಿಸಿದರೆ ನಕಲು ಚೀಟಿಗಳಿಗೆ ಸುದ್ದಿಯೇ ಇಲ್ಲ. ದರಪಟ್ಟಿಯ ಕ್ಲಾಸಿನಲ್ಲಿ ಡೀಪ್‌ಕಾಪಿ ಮೆಥಡ್ ಬರೆದು, ನಕಲು ಕೇಳಿದರೆ ನನ್ನನ್ನೇ ಕೊಡು ಎಂದು ಹೇಳಿಸಬಹುದು. ಎರಡೇ ಸಾಲು. ಆಗ ಎಲ್ಲ ಚೀಟಿಗೂ ಒಂದೇ ದರ. ಆದರೆ ಬೆಳಿಗ್ಗೆಯೇ ವ್ಯಾಪಾರ ಮುಗಿದ ಚೀಟಿಗೆ ಬೆಳಿಗ್ಗೆಯ ದರವೇ ನಿಲ್ಲಬೇಕು, ಇಲ್ಲದಿದ್ದರೆ ಜಗಳ ಖಂಡಿತ. ಹಂಚಿಕೊಳ್ಳಬೇಕೋ ಬೇರೆ ಮಾಡಬೇಕೋ ಎಂದು ಪೈಥಾನಿಗೆ ಹೇಗೆ ಗೊತ್ತಾಗಬೇಕು? ಅದು ಗಲ್ಲಾದಲ್ಲಿ ಕೂತವರಿಗೆ ಗೊತ್ತಿರುವ ವಿಷಯ. ಅವರನ್ನು ಕೇಳದೆ ಬರೆದ ಮೆಥಡ್ ಎಷ್ಟು ಚಂದ ಇದ್ದರೂ ಉಪಯೋಗ ಇಲ್ಲ.

ಪಿಕಲ್ ಮಾಡಿದ ಫೈಲನ್ನು ಸುಮ್ನೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವುದು, ಬಂದದ್ದನ್ನು ತೆರೆಯುವುದು ಬೇಡ. ರೆಡ್ಯೂಸ್ ಎಂಬ ಇನ್ನೊಂದು ಮೆಥಡ್ ಇದೆ. ಬಿಚ್ಚುವಾಗ ಯಾವ ಫಂಕ್ಷನ್ನನ್ನು ಕರೆಯಬೇಕು ಎಂದು ಅದು ಫೈಲಿನೊಳಗೇ ಬರೆಸಬಲ್ಲದು. ಕೆಟ್ಟ ಬುದ್ಧಿಯವರು ಅಲ್ಲಿ ಡಿಸ್ಕ್ ಅಳಿಸುವ ಫಂಕ್ಷನ್ ಬರೆದಿಟ್ಟರೆ, ನೀವು ತೆರೆದ ಕೂಡಲೇ ಅದು ಓಡುತ್ತದೆ. ನಂಬಿಕೆ ಇಲ್ಲದ ಕಡೆಯಿಂದ ಬಂದ ಪಿಕಲನ್ನು ತೆರೆಯಲೇಬೇಡಿ ಎಂದು ಪೈಥಾನಿನ ಕೈಪಿಡಿಯೇ ಕೆಂಪಕ್ಷರದ ಎಚ್ಚರಿಕೆಯಂತೆ ಹೇಳುತ್ತದೆ.

ಬೇರೆ ಅಂಗಡಿಗೆ ಕಳಿಸಲು ಜೇಸನ್ ಸಾಕು. ಅದು ಮಾಹಿತಿಯನ್ನು ಓದಬಲ್ಲ ಅಕ್ಷರಗಳಲ್ಲೇ ಬರೆದಿಡುವ ಕ್ರಮ. ಅದಕ್ಕೆ ಅಕ್ಷರ, ಸಂಖ್ಯೆ, ಪಟ್ಟಿಯಂಥ ಕೆಲವೇ ಬಗೆ ಗೊತ್ತು, ತಾರೀಕನ್ನೂ ನಾವೇ ಅಕ್ಷರವಾಗಿಸಿ ಕೊಡಬೇಕು. ಕಾಸರಗೋಡಿನ ಚೀಟಿಯಲ್ಲಿ ಒಂದು ಹೆಸರು ಕನ್ನಡದಲ್ಲಿ, ಇನ್ನೊಂದು ಮಲಯಾಳದಲ್ಲಿ ಇರುವುದು ಮಾಮೂಲು. ಬರೆಯುವಾಗ ಇಂಗ್ಲಿಷಲ್ಲದ ಅಕ್ಷರಗಳನ್ನು ಸಂಕೇತವಾಗಿಸುವ ಎನ್‌ಶೂರ್ ಆಸ್ಕಿ ಎಂಬ ಆಯ್ಕೆಯನ್ನು ಫಾಲ್ಸ್ (ಬೇಡ) ಮಾಡಿ. ಮಾಡದಿದ್ದರೂ ಮಾಹಿತಿ ಕೆಡುವುದಿಲ್ಲ, ಆದರೆ ಫೈಲ್ ತೆರೆದು ನೋಡುವವರಿಗೆ ಹೆಸರುಗಳ ಬದಲು ಯುನಿಕೋಡ್ ಸಂಕೇತಗಳೇ ಕಾಣುತ್ತವೆ.