ಒದ್ದೆಯಲ್ಲಿ ಓಡಿಸಿದ ಮೇಲೆ ಬ್ರೇಕ್ ಹಿಡಿದುಕೊಂಡರೆ: ಒಂದು ಅಧ್ಯಯನ ಟಿಪ್ಪಣಿ

ಮಳೆಯಲ್ಲಿ ಓಡಿಸಿ ತಂದ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿರುತ್ತೀರಿ. ಮೂರು ದಿನ ಬಿಟ್ಟು ಹೊರಡೋಣ ಅಂತ ಗೇರ್ ಹಾಕಿ ಕ್ಲಚ್ ಬಿಟ್ಟರೆ ಕಾರು ಮುಂದಕ್ಕೆ ಹೋಗುವುದೇ ಇಲ್ಲ. ಹಿಂಭಾಗ ಒಂದಿಷ್ಟು ಕುಗ್ಗಿ ಮತ್ತೆ ಮೇಲೇಳುತ್ತದೆ, ಅಷ್ಟೇ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆ, ಅದರ ದೀಪವೂ ಆರಿದೆ. ಆದರೂ ಹಿಂದಿನ ಚಕ್ರ ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ.

ಕಲಿಯುವಾಗ ನನ್ನನ್ನು ಜಾಸ್ತಿ ಗೊಂದಲಕ್ಕೆ ಕೆಡವಿದ್ದು 'ಹಿಡಿದುಕೊಂಡಿದೆ' ಅನ್ನುವ ಮಾತೇ. ಅದರೊಳಗೆ ಎರಡು ಬೇರೆ ದೋಷಗಳಿವೆ. ಒಂದು, ಅಂಟಿಕೊಂಡಿರುವುದು. ಇನ್ನೊಂದು, ಒತ್ತಿದ್ದು ವಾಪಸ್ ಬಾರದಿರುವುದು. ಮೊದಲನೆಯದು ಸಾಮಾನ್ಯವಾಗಿ ಒಂದು 'ಟಕ್' ಸದ್ದಿಗೆ ಮುಗಿದುಹೋಗುತ್ತದೆ. ಎರಡನೆಯದು ಇವತ್ತು ಬಿಟ್ಟರೂ ನಾಳೆ ಮತ್ತೆ ಹಿಡಿಯುತ್ತದೆ. ಯಾವುದು ಅಂತ ಗೊತ್ತಾಗದೆ ಸುತ್ತಿಗೆ ಹಿಡಿದರೆ ಸುಮ್ನೆ ಕೈ ನೋವು.

ಅಂಟುವುದು ಹೇಗೆ?

ಚಕ್ರದ ಜೊತೆ ತಿರುಗುವ ತಟ್ಟೆ, ಅಂದರೆ ಬ್ರೇಕ್ ಡಿಸ್ಕ್, ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಬ್ರೇಕ್ ಒತ್ತಿದಾಗ ಅದನ್ನು ಎರಡೂ ಬದಿಯಿಂದ ಹಿಡಿಯುವ ತುಂಡುಗಳೇ ಪ್ಯಾಡ್. ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಬಳಿಯುವ ಹಾಗಿಲ್ಲ. ಹಾಗಾಗಿ ಕಾರು ತೊಳೆದ ಕೆಲವೇ ಗಂಟೆಗಳಲ್ಲಿ ಅಲ್ಲಿ ಕಿತ್ತಳೆ ಬಣ್ಣದ ತುಕ್ಕು ಕಾಣುತ್ತದೆ. ಹೊರಟು ನಾಲ್ಕು ಸಲ ಬ್ರೇಕ್ ಒತ್ತಿದರೆ ಅದು ಉಜ್ಜಿ ಹೋಗುತ್ತದೆ, ಚಿಂತೆಯಿಲ್ಲ. ತೊಂದರೆ ಇರುವುದು ಪ್ಯಾಡ್ ಕೂತ ಜಾಗದಲ್ಲಿ. ಅಲ್ಲಿ ಸಿಕ್ಕಿದ ನೀರು ಬೇಗ ಆರುವುದಿಲ್ಲ. ಎಷ್ಟೋ ಪ್ಯಾಡ್‌ಗಳಲ್ಲಿ ಉಕ್ಕಿನ ಎಳೆಗಳೂ ಇರುತ್ತವೆ, ಅವೂ ತುಕ್ಕು ಹಿಡಿಯುತ್ತವೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಎರಡೂ ಕಡೆಯಿಂದ ಉಬ್ಬಿದ ತುಕ್ಕು ನಡುವಿನ ಸಂದನ್ನು ತುಂಬಿ ಗಟ್ಟಿಯಾಗಿ ಕೂರುತ್ತದೆ. ಬಿಡಿಸಿದ ಮೇಲೆ ಡಿಸ್ಕನ್ನು ಬಗ್ಗಿ ನೋಡಿ: ಪ್ಯಾಡಿನದೇ ಆಕಾರದ ಕಪ್ಪು ಮಚ್ಚೆಯೊಂದು ಅಚ್ಚೊತ್ತಿದ ಹಾಗೆ ಇರುತ್ತದೆ. ಸ್ವಲ್ಪ ದೂರದವರೆಗೆ ಬ್ರೇಕ್ ಒತ್ತಿದಾಗೆಲ್ಲ ಕಾಲಿಗೆ ಟಕಟಕ ಅಂತ ತಾಗುವುದು ಅದೇ.

ಡ್ರಮ್ ಬ್ರೇಕ್ ಇನ್ನೂ ಹಟಮಾರಿ. ಅದು ಚಕ್ರದ ಜೊತೆ ತಿರುಗುವ ಮುಚ್ಚಿದ ಡಬ್ಬಿ, ಒಳಗಿನ ಬಿಲ್ಲಿನಾಕಾರದ ಶೂಗಳು ಅದರ ಒಳಮೈಗೆ ಒತ್ತಿ ಹಿಡಿಯುತ್ತವೆ. ಒಳಗೆ ಹೋದ ನೀರು ಸುಲಭಕ್ಕೆ ಹೊರಬರುವುದಿಲ್ಲ. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನರ್, ಸವೆದು ಬಂದ ಪುಡಿ ಆ ನೀರನ್ನು ಹೀರಿ ಕೆಸರಾಗುತ್ತದೆ. ಮೇಲಿಂದ ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಶೂಗಳು ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತವೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಈ ದೂರು ಹಿಂದಿನಿಂದಲೇ ಜಾಸ್ತಿ ಬರುವುದಕ್ಕೆ ಕಾರಣ ಇದೇ.

ಬಿಡಿಸುವ ಕ್ರಮ

ಸಮತಟ್ಟಾದ ಜಾಗ ಬೇಕು, ಹಿಂದೆ ಮುಂದೆ ಯಾರೂ ನಿಂತಿರಬಾರದು. ಎಂಜಿನ್ ಚಾಲೂ ಮಾಡಿ ಕಾಲ್‌ಬ್ರೇಕನ್ನು ಐದಾರು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಹ್ಯಾಂಡ್‌ಬ್ರೇಕನ್ನೂ ಎಳೆದು ಇಳಿಸಿ. ಆಮೇಲೆ ರಿವರ್ಸ್ ಹಾಕಿ ಕ್ಲಚ್ ನಿಧಾನವಾಗಿ ಬಿಡಿ, ಒಂದು ಎಳೆತ ಸಿಕ್ಕ ಕೂಡಲೇ ಮತ್ತೆ ಒತ್ತಿ. ನಂತರ ಒಂದನೇ ಗೇರಿನಲ್ಲಿ ಅದೇ ರೀತಿ.

ಹಿಂದೆ ಮುಂದೆ ಯಾಕೆ? ಶೂ ಕೂತಿರುವ ಕಡೆ ಕೂದಲೆಳೆಯಷ್ಟು ಸಡಿಲ ಇರುತ್ತದೆ. ಡ್ರಮ್ ಮತ್ತು ಅಂಟಿದ ಶೂ ಒಟ್ಟಿಗೇ ಅಷ್ಟು ಸರಿದು, ಕೊನೆಗೆ ಆಸರೆಗೆ ಬಡಿಯುತ್ತವೆ. ತುಕ್ಕಿನ ಅಂಟು ಬಿರಿಯುವುದು ಆ ಬಡಿತಕ್ಕೆ. ಎರಡೂ ದಿಕ್ಕಿಗೆ ಅಲುಗಾಡಿಸಿದರೆ ಎರಡೂ ಕಡೆ ಬಡಿತ ಸಿಗುತ್ತದೆ. ಬೇಕಾಗಿರುವುದು ಜಗ್ಗುವ ಬಲ ಅಲ್ಲ, ಸಣ್ಣ ಕುಲುಕು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮೊದಲ ಸಲ ಒಂದನೇ ಗೇರಿಗೆ ಹಾಕಿ ಆಕ್ಸಿಲರೇಟರ್ ತುಳಿದೆ. ಕಾರು ಹೊರಟಿತು, ನಿಜ. ಆದರೆ ಹಿಂದಿನ ಒಂದು ಚಕ್ರ ತಿರುಗದೆ ಜಲ್ಲಿಯ ಮೇಲೆ ನೇಗಿಲಿನಂತೆ ಗೆರೆ ಎಳೆಯುತ್ತಾ ಬಂತು, ಒಳಗೆಲ್ಲ ಕ್ಲಚ್ ಸುಟ್ಟ ವಾಸನೆ. ಅದೃಷ್ಟಕ್ಕೆ ಅಷ್ಟಕ್ಕೇ ನಿಲ್ಲಿಸಿದೆ. ಹೀಗೆ ಜಗ್ಗಿದರೆ ಕೆಲವೊಮ್ಮೆ ತುಕ್ಕಿನ ಬದಲು ಶೂ ಮೇಲಿನ ಲೈನರೇ ಕಿತ್ತು ಬರುತ್ತದೆ. ಚಕ್ರ ಬಿಟ್ಟಿತು ಅಂತ ಖುಷಿಪಡುತ್ತೀರಿ, ಲೈನರ್ ತುಂಡು ಮಾತ್ರ ಡ್ರಮ್ಮಿನೊಳಗೆ ಉರುಳಾಡುತ್ತಿರುತ್ತದೆ. ನಾಲ್ಕೈದು ಪ್ರಯತ್ನಕ್ಕೆ ಬಿಡದಿದ್ದರೆ ನಿಲ್ಲಿಸಿ.

ಮುಂದಿನದು ತಟ್ಟುವ ಕೆಲಸ. ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಇಳಿದಿರಲಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಚಕ್ರ ತೆಗೆದು, ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ತಟ್ಟುತ್ತಾ ಬನ್ನಿ. ಕಬ್ಬಿಣದ ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಎರಕ ಬಿರುಕು ಬಿಡಬಹುದು. ಡಿಸ್ಕ್ ಆಗಿದ್ದರೆ ಉಜ್ಜುವ ಮೈಗೆ ಹೊಡೆಯದೆ, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಮೈಗೆ ತಟ್ಟಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಇಲ್ಲಿ ಬೇಡವೇ ಬೇಡ, ಪ್ಯಾಡ್ ಅದನ್ನು ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ. ಪುಡಿಯನ್ನು ಗಾಳಿ ಊದಿ ಹಾರಿಸಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು.

ಬಟನ್ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ, ಮೊದಲು ಇಗ್ನಿಷನ್ ಹಾಕಿ, ಕಾಲ್‌ಬ್ರೇಕ್ ಒತ್ತಿ, ಬಟನ್ ಒತ್ತಿ ಕಿವಿಗೊಡಿ. ಹಿಂದಿನಿಂದ ಮೋಟರಿನ ಸದ್ದೇ ಬರದಿದ್ದರೆ ಮೊದಲು ವಿದ್ಯುತ್ ಕಡೆ ನೋಡಿಸಿ, ಸುತ್ತಿಗೆ ಆಮೇಲೆ.

ಬಿಟ್ಟಿತು, ಆದರೆ ಪೂರ್ತಿ ಬಿಟ್ಟಿತಾ?

ಬ್ರೇಕ್ ಹೆಚ್ಚು ಒತ್ತದೆ ಐದು ಕಿಲೋಮೀಟರ್ ನಿಧಾನವಾಗಿ ಓಡಿಸಿ. ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಬೊಬ್ಬೆ ಬರುತ್ತದೆ. ಒಂದು ಚಕ್ರ ಮಾತ್ರ ಝಳ ಹೊಡೆಯುತ್ತಿದ್ದರೆ ಅದು ಎರಡನೇ ದೋಷ, ವಾಪಸ್ ಬಾರದಿರುವುದು.

ಇಲ್ಲಿ ಒಂದು ಸಂಗತಿ ಗಮನಿಸಿ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ. ಸಾಮಾನ್ಯ ಡಿಸ್ಕ್ ಕ್ಯಾಲಿಪರ್‌ನಲ್ಲಿ, ಬ್ರೇಕ್ ಎಣ್ಣೆಯ ಒತ್ತಡಕ್ಕೆ ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ ಅಂಥ ಸ್ಪ್ರಿಂಗ್ ಇಲ್ಲ! ಪಿಸ್ಟನ್ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇರುತ್ತದೆ. ಒತ್ತಿದಾಗ ಅದು ಪಿಸ್ಟನ್ ಜೊತೆ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಹಿಂದಕ್ಕೆಳೆಯುತ್ತದೆ. ಇರುವುದೇ ಅಷ್ಟು. ಹೊರಗಿನ ರಬ್ಬರ್ ಹೊದಿಕೆ ಹರಿದು ನೀರು ಸೇರಿ ಪಿಸ್ಟನ್ ಮೈಗೆ ತುಕ್ಕು ಬಂದರೆ ಆ ಬಡಪಾಯಿ ಸೀಲ್ ಏನು ಮಾಡೀತು?

ಪತ್ತೆ ಮಾಡಲು ನಾನು ಬಳಸುವ ದಾರಿ: ಹ್ಯಾಂಡ್‌ಬ್ರೇಕ್ ಕೇಬಲನ್ನು ಚಕ್ರದ ತುದಿಯಲ್ಲಿ ಸಡಿಲಿಸಿ. ಚಕ್ರ ಬಿಟ್ಟರೆ ಕೇಬಲ್ ಕವಚದೊಳಗೆ ತುಕ್ಕು. ಬಿಡದಿದ್ದರೆ ಬ್ರೇಕ್ ಎಣ್ಣೆ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು, ಎಣ್ಣೆ ಹರಿಯುವ ರಬ್ಬರ್ ಹೋಸ್ ಒಳಗೆ ಊದಿರಬಹುದು. ಆಗಲೂ ಬಿಡದಿದ್ದರೆ ದೋಷ ಪಿಸ್ಟನ್ನಿನದು, ಇಲ್ಲವೇ ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್ನಿನದು. ಸ್ಕ್ರೂ ತೆರೆದರೆ ಗಾಳಿ ಸೇರುತ್ತದೆ, ಬ್ಲೀಡ್ ಮಾಡದೆ, ಅಂದರೆ ಆ ಗಾಳಿಯನ್ನು ಹೊರಹಾಕದೆ, ಕಾರು ತೆಗೆಯಬೇಡಿ. ಪಿನ್ನಿಗೆ ಬ್ರೇಕಿನದೇ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸಿಗೆ ರಬ್ಬರ್ ಊದುತ್ತದೆ.

ಪೂರ್ತಿ ಬಿಡದೆ ಉಜ್ಜುತ್ತಲೇ ಇರುವ ಬ್ರೇಕ್ ಇಟ್ಟುಕೊಂಡು ಕಾರನ್ನು ಹಾಗೇ ಓಡಿಸಬಾರದು. ಉಜ್ಜಿದ ಬಿಸಿ ಬ್ರೇಕ್ ಎಣ್ಣೆಗೂ ತಲುಪುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದರೆ ಆವಿ, ಆವಿಯಾದರೆ ಪೆಡಲ್ ನೆಲಕ್ಕೆ.

ನಿಲ್ಲಿಸುವ ಮುಂಚೆ

ನೀರು ದಾಟಿ ಬಂದರೆ, ನಿಲ್ಲಿಸುವ ಮುಂಚಿನ ಸ್ವಲ್ಪ ದೂರ ಹಿಂದೆ ಯಾರೂ ಇಲ್ಲದಾಗ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಬನ್ನಿ, ಬಿಸಿಗೆ ತೇವ ಆರುತ್ತದೆ. ಹಲವು ದಿನ ನಿಲ್ಲಿಸುವುದಾದರೆ, ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿಬಿಡಿ. ಇಳಿಜಾರಿನಲ್ಲಿ ಮಾತ್ರ ಈ ಜಾಣತನ ಬೇಡ. ನಾನು ಸ್ಟಿಯರಿಂಗ್ ಮೇಲೆ 'ಗೇರಿನಲ್ಲಿದೆ' ಅಂತ ಚೀಟಿ ಅಂಟಿಸುತ್ತೇನೆ. ಮರೆತು ಕ್ಲಚ್ ಒತ್ತದೆ ಕೀ ತಿರುಗಿಸಿದರೆ ಕಾರು ಕಲ್ಲಿನ ಮೇಲೇ ಜಿಗಿಯುತ್ತದೆ, ಅಲ್ವಾ?