ಬಣ್ಣ ಬಿಡಿ, ಮೂಗು ನೋಡಿ

ಚರಂಡಿ ಪೈಪಿನ ಬಾಯಿಂದ ಒಂದು ತಲೆ ಹೊರಗೆ ಬಂದಿದೆ. ಉದ್ದ ಕುತ್ತಿಗೆ, ಆಗಾಗ ಚಾಚಿ ಒಳಗೆ ಹೋಗುವ ಸೀಳು ನಾಲಿಗೆ. ಯಾರಾದರೂ "ಹಾವು!" ಅಂತ ಕೂಗಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ದೂರದಲ್ಲೇ ನಿಂತು ಎರಡು ನಿಮಿಷ ನೋಡಿ. ಅದು ಕಣ್ಣು ಮಿಟುಕಿಸಿತಾ? ಕಣ್ಣಿನ ಹಿಂದೆ ಕಿವಿಯ ತೂತು ಕಾಣ್ತಾ? ಹಾವಿಗೆ ಮಿಟುಕಿಸಲು ರೆಪ್ಪೆಯಿಲ್ಲ, ಕಿವಿಯ ತೂತೂ ಇಲ್ಲ. ಇವೆರಡೂ ಕಂಡರೆ ಪೈಪಿನೊಳಗೆ ನಾಲ್ಕು ಕಾಲು, ಒಂದು ಗಟ್ಟಿ ಬಾಲ ಇದೆ ಅಂತ ಲೆಕ್ಕ. ಅದು ಉಡ.

ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತಕ್ಕೆ ನಾಲಿಗೆ ದಪ್ಪ, ಬೆನ್ನ ಮೇಲೆ ಮುಳ್ಳಿನ ಸಾಲು. ಹಾವುರಾಣಿ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತದೆ. ಉಡದ ಚರ್ಮಕ್ಕೆ ಅಂಥ ಹೊಳಪಿಲ್ಲ. ಮಣಿ ಪೋಣಿಸಿದಂಥ ಸಣ್ಣ ಸಣ್ಣ ಹುರುಪೆ, ಕುತ್ತಿಗೆಯಲ್ಲಿ ಜೋತುಬಿದ್ದ ಮಡಿಕೆ. ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗಿಸದೆ, ಮೈ ಆ ಕಡೆ ಈ ಕಡೆ ಬಳುಕಿಸಿಕೊಂಡು ಹೋಗುತ್ತದೆ. ಇನ್ನೊಂದು ವಿಷಯ: ಮನೆಹಲ್ಲಿಯ ಹಾಗೆ ಉಡ ಬಾಲ ಕಳಚಿ ಓಡುವುದಿಲ್ಲ. ಅದೇ ಬಾಲದಿಂದ ಚಾಟಿ ಬೀಸಿದಂತೆ ಹೊಡೆಯುತ್ತದೆ.

ಉಡ ಅನ್ನೋದು ಗೊತ್ತಾಯಿತು, ಯಾವ ಉಡ? ಇಲ್ಲೇ ಜನ ಜಾಸ್ತಿ ಎಡವುವುದು, ಯಾಕಂದ್ರೆ ಮೊದಲು ನೋಡುವುದು ಬಣ್ಣವನ್ನೇ. ಇರಾನಿನಿಂದ ಆಗ್ನೇಯ ಏಷ್ಯಾದವರೆಗೆ ಕಾಣುವ ಬಂಗಾಳ ಉಡವನ್ನೇ ತೆಗೆದುಕೊಳ್ಳಿ. ಮರಿಯ ಮೈಮೇಲೆ ಕಪ್ಪು ಪಟ್ಟೆ, ಹಳದಿ ಚುಕ್ಕಿ. ಬೆಳೆಯುತ್ತಾ ಅದೆಲ್ಲ ಮಾಸಿ ಮಣ್ಣಿನ ಬಣ್ಣಕ್ಕೆ ಬರುತ್ತದೆ. ಹಾಗಾಗಿ ಮರಿಯನ್ನು ಕಂಡವರು ಇದು ಬೇರೆಯೇ ಪ್ರಾಣಿ, ಘೋರ ವಿಷದ್ದು ಅಂತ ಹೆದರುತ್ತಾರೆ. ಪಾಪದ ಮರಿ. ಉಡಗಳ ಬಾಯಲ್ಲಿ ವಿಷಗ್ರಂಥಿಗಳಿವೆ ಎಂದು 2006ರಲ್ಲಿ ಸಂಶೋಧಕರು ವರದಿ ಮಾಡಿದ್ದು ನಿಜ. ಅದರ ಕೆಲಸವೇನು ಅನ್ನುವ ವಾದ ಇನ್ನೂ ನಡೆದಿದೆ. ಉಡ ಕಚ್ಚಿದವರಿಗೆ ಸಾಮಾನ್ಯವಾಗಿ ಕಾಡುವುದು ಹರಿದ ಗಾಯ, ಅದಕ್ಕೆ ತಗಲುವ ಸೋಂಕು.

ಬಣ್ಣಕ್ಕಿಂತ ಮೂಗಿನ ಹೊಳ್ಳೆ ನಂಬಿಕಸ್ತ. ಮೂತಿಯನ್ನು ಪಕ್ಕದಿಂದ ನೋಡಿ. ಬಂಗಾಳ ಉಡಕ್ಕೆ ಹೊಳ್ಳೆ ಒಂದು ಸೀಳು, ಮೂತಿಯ ತುದಿಗಿಂತ ಕಣ್ಣಿನ ಕಡೆಗೆ ತುಸು ಹತ್ತಿರ. ನೀರುಡದ್ದು ದುಂಡಗೆ, ಹೆಚ್ಚುಕಡಿಮೆ ಮೂತಿಯ ತುದಿಯಲ್ಲೇ. ಈಜುವಾಗ ತುದಿಯೊಂದು ನೀರಿನ ಮೇಲಿದ್ದರೂ ಅದಕ್ಕೆ ಉಸಿರಿಗೆ ಸಾಕು. ಉತ್ತರ ಆಫ್ರಿಕಾದಿಂದ ವಾಯವ್ಯ ಭಾರತದವರೆಗಿನ ಮರಳುಗಾಡಿನ ಉಡಕ್ಕೆ ಓರೆಯಾದ ಸೀಳು, ಕಣ್ಣಿಗೆ ತೀರಾ ಹತ್ತಿರ. ಬಾಲವೂ ಸಾಕ್ಷಿ ಹೇಳುತ್ತದೆ: ನೀರುಡದ್ದು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಮರಳುಗಾಡಿನದ್ದು ಗುಂಡಗೆ.

ಕಷ್ಟ ಏನಂದ್ರೆ, ಗುರುತಿಸಿ ಅಂತ ಬರುವ ಫೋಟೋಗಳಲ್ಲಿ ಬಹುತೇಕ ಇರುವುದು ಪೊದೆಯೊಳಗೆ ನುಗ್ಗುತ್ತಿರುವ ಬಾಲ ಮಾತ್ರ! ಓಡುವುದನ್ನು ಹಿಂಬಾಲಿಸಬೇಡಿ. ಬಿಸಿಲು ಕಾಯಿಸುತ್ತಾ ಮಲಗಿದ್ದಾಗ ದೂರದಿಂದ ಜೂಮ್ ಮಾಡಿ, ತಲೆಯ ಪಕ್ಕದ್ದೊಂದು ತೆಗೆದರೆ ಸಾಕು.

ಯಾವ ಜಾಗದಲ್ಲಿ ಕಂಡಿದ್ದು ಅನ್ನುವುದೂ ಮುಖ್ಯ. ಜಗತ್ತಿನಲ್ಲಿ 80ಕ್ಕೂ ಹೆಚ್ಚು ಜಾತಿಯ ಉಡಗಳಿದ್ದರೂ ಒಂದು ಊರಿನ ಸುತ್ತ ಸಿಗುವುದು ಕೆಲವೇ. ಸಾಕಲು ತಂದು ಬಿಟ್ಟವು ಮಾತ್ರ ಈ ಲೆಕ್ಕ ಕೆಡಿಸುತ್ತವೆ. ಆಫ್ರಿಕಾದ ನೈಲ್ ಉಡ ಅಮೆರಿಕದ ಫ್ಲಾರಿಡಾದಲ್ಲಿ ಬೀಡುಬಿಟ್ಟದ್ದು ಹೀಗೇ.

ಫೋಟೋ ಸಿಗದೇ ಹೋದರೆ ಅದು ದಾಟಿದ ಮಣ್ಣನ್ನು ನೋಡಿ. ಎರಡೂ ಬದಿಗೆ ಉಗುರು ಊರಿದ ಹೆಜ್ಜೆಗಳು, ನಡುವೆ ಬಾಲ ಎಳೆದ ಅಂಕುಡೊಂಕು ಗೆರೆ. ಹಾವಿನ ಜಾಡಿನಲ್ಲಿ ಆ ಗೆರೆಯ ಆಚೀಚೆ ಹೆಜ್ಜೆ ಇರುವುದಿಲ್ಲ, ಅಲ್ವಾ?