‘ಡೋ ರೇ ಮಿ’ಗೆ ಅರ್ಥ ಇದೆಯಾ?

ಪ್ರಶ್ನೆ: ಮಗಳು ಕೀಬೋರ್ಡ್ ಕ್ಲಾಸಿಗೆ ಹೋಗುತ್ತಾಳೆ. ನಮ್ಮ ಸ ರಿ ಗ ಅಂದರೆ ಷಡ್ಜ, ಋಷಭ, ಗಾಂಧಾರ. ಅಲ್ಲಿ ಕಲಿಸುವ ಪಾಶ್ಚಾತ್ಯ ಸ್ವರಗಳಾದ ಡೋ ರೇ ಮಿ ಅಂದರೆ ಏನು? ಅಥವಾ ಸುಮ್ನೆ ಸದ್ದುಗಳಾ?

ಉತ್ತರ: ಸುಮ್ನೆ ಸದ್ದುಗಳಲ್ಲ. ಒಂದು ಹಳೆಯ ಲ್ಯಾಟಿನ್ ಸ್ತುತಿಗೀತೆಯ ಸಾಲುಗಳಿಂದ ಕತ್ತರಿಸಿ ತೆಗೆದ ಮೊದಲ ಅಕ್ಷರಗಳು. ಬಾಯಿಬಿಟ್ಟು ಓದಿ ನೋಡಿ:

ಉತ್ ಕ್ವೇಆಂತ್ ಲಾಕ್ಸಿಸ್
ರೆಸೊನಾರೆ ಫೀಬ್ರಿಸ್
ಮೀರಾ ಜೆಸ್ತೋರುಂ
ಫಾಮುಲಿ ತುಓರುಂ
ಸೋಲ್ವೆ ಪೊಲ್ಲೂತಿ
ಲಾಬಿಯಿ ರೆಆತುಂ
ಸಾಂಕ್ತೆ ಯೊಹಾನ್ನೆಸ್

ಉತ್ (ಇದೇ ಮುಂದೆ ‘ಡೋ’ ಆಯಿತು), ರೆ, ಮಿ, ಫಾ, ಸೋಲ್, ಲಾ. ಸಿಕ್ಕಿತಲ್ವಾ? ‘ನಿನ್ನ ಸೇವಕರು ಗಂಟಲು ಬಿಚ್ಚಿ ನಿನ್ನ ಮಹಿಮೆ ಹಾಡುವಂತೆ, ನಮ್ಮ ತುಟಿಗಳ ದೋಷ ಕಳೆ, ಸಂತ ಯೋಹಾನನೇ’ ಎಂದು ಇದರ ತಾತ್ಪರ್ಯ.

ಈ ಯೋಹಾನ ಅಂದರೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನ. ಅವನ ಹಬ್ಬ ಜೂನ್ 24. ಹಾಡು ಬರೆದವನು 8ನೇ ಶತಮಾನದ ಪೌಲ್ ಡೀಕನ್ ಎಂದು ನಂಬಿಕೆ. ಇಟಲಿಯ ಮೊಂತೆ ಕಸ್ಸೀನೊ ಮಠದ ಸನ್ಯಾಸಿ ಅವನು. ಒಂದು ಕತೆಯೂ ಇದೆ. ಈಸ್ಟರ್ ಹಿಂದಿನ ರಾತ್ರಿ ಹಾಡಬೇಕಿದ್ದ ಪೌಲನ ಗಂಟಲು ಕಟ್ಟಿತಂತೆ. ಯೋಹಾನ ಹುಟ್ಟುವ ಮೊದಲು ಅವನ ಅಪ್ಪ ಜಕರೀಯನಿಗೂ ಮಾತು ನಿಂತಿತ್ತು, ಮಗುವಿಗೆ ಹೆಸರಿಟ್ಟಾಗ ಮರಳಿ ಬಂತು. ಅದಕ್ಕೇ ಪೌಲ ಯೋಹಾನನಿಗೆ ಮೊರೆಯಿಟ್ಟನಂತೆ. ಕತೆ ಬಹಳ ಕಾಲದ ನಂತರ ಹುಟ್ಟಿದ್ದು. ಆದರೆ ಗಂಟಲು ಕೆಟ್ಟ ಹಾಡುಗಾರ ಯಾರಿಗೆ ಕೈಮುಗಿಯಬೇಕು ಎಂಬುದಕ್ಕೆ ಉತ್ತರ ಚೆನ್ನಾಗಿದೆ!

ಮಠದವರಿಗೆ ಯೋಹಾನ ಯಾಕೆ ಇಷ್ಟು ಹತ್ತಿರ? ಹಾಡಿನ ಮುಂದಿನ ಭಾಗದಲ್ಲೇ ಕಾರಣ ಇದೆ. ಎಳೆ ವಯಸ್ಸಿನಲ್ಲೇ ಜನರ ಗುಂಪು ಬಿಟ್ಟು ಮರುಭೂಮಿಯ ಗುಹೆ ಸೇರಿದವನು, ಒಂಟೆ ಕೂದಲಿನ ಬಟ್ಟೆ ಉಟ್ಟವನು, ಜೇನು–ಮಿಡತೆ ತಿಂದು ಬದುಕಿದವನು. ಸನ್ಯಾಸಿಗಳು ಅವನಲ್ಲಿ ತಮ್ಮನ್ನೇ ಕಂಡರು. ಮೊಂತೆ ಕಸ್ಸೀನೊ ಕಟ್ಟಿದ ಸಂತ ಬೆನೆಡಿಕ್ಟ್ ಅಲ್ಲಿ ಯೋಹಾನನ ಹೆಸರಲ್ಲಿ ಒಂದು ಗುಡಿ ಕಟ್ಟಿಸಿದ. ಬೆನೆಡಿಕ್ಟನನ್ನು ಹೂಳಿದ್ದೂ ಆ ಗುಡಿಯಲ್ಲೇ.

ಸ್ವರಗಳ ಹೆಸರು ಬಂದದ್ದು ಮಾತ್ರ 11ನೇ ಶತಮಾನದಲ್ಲಿ, ಅರೆಟ್ಸೊ ಊರಿನ ಗೀದೋ ಎಂಬ ಸನ್ಯಾಸಿಯಿಂದ. ಮಠದಲ್ಲಿ ಹಗಲು ರಾತ್ರಿ ಪ್ರಾರ್ಥನೆ ಹಾಡಬೇಕು. ಎಲ್ಲವನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಬೇಕು. ಹತ್ತು ವರ್ಷ ಕಲಿತರೂ ಅರೆಬರೆ ಎಂದು ಗೀದೋ ಗೆಳೆಯ ಮೈಕೇಲನಿಗೆ ಬರೆದ ಪತ್ರದಲ್ಲಿ ದೂರುತ್ತಾನೆ. ಅವನ ಉಪಾಯ ನೋಡಿ: ಈ ಹಾಡಿನ ರಾಗದಲ್ಲಿ ಮೊದಲ ಆರು ಸಾಲುಗಳಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ಶುರುವಾಗುತ್ತದೆ. ಹಾಡು ಬಾಯಿಗೆ ಬಂದರೆ ಆರು ಸ್ವರಗಳೂ ಕಿವಿಯಲ್ಲಿ ಕೂರುತ್ತವೆ. ಹೊಸ ಹಾಡಿನಲ್ಲಿ ಒಂದು ಸ್ವರ ಎದುರಾದರೆ, ಅದು ಯಾವ ಸಾಲಿನ ಮೊದಲ ಸ್ವರ ಎಂದು ನೆನೆದರೆ ಸಾಕು. ಹೀಗೆ ಒಂದೆರಡು ವರ್ಷದಲ್ಲೇ ಒಳ್ಳೆಯ ಹಾಡುಗಾರ ತಯಾರಾಗುತ್ತಾನೆ ಎಂಬುದು ಅವನ ಮಾತು. ಮಿ, ಫಾ ನಡುವಿನ ಮೆಟ್ಟಿಲು ಮಾತ್ರ ಚಿಕ್ಕದು. ಶಂಕರಾಭರಣದ ಗ, ಮ ಇದ್ದ ಹಾಗೆ.

‘ಉತ್’ ಎಳೆದು ಹಾಡಲು ಕಷ್ಟ, ಬಾಯಿ ಮುಚ್ಚಿಬಿಡುತ್ತದೆ. 17ನೇ ಶತಮಾನದ ಇಟಲಿಯಲ್ಲಿ ಅದು ‘ಡೋ’ ಆಯಿತು. ಏಳನೇ ಸ್ವರ ಗೀದೋ ಪಟ್ಟಿಯಲ್ಲಿ ಇರಲೇ ಇಲ್ಲ. ಅದೂ ತುಂಬಾ ತಡವಾಗಿ ಬಂತು, ಕೊನೆಯ ಸಾಲಿನ ಎರಡು ಪದಗಳ (ಲ್ಯಾಟಿನ್‌ನಲ್ಲಿ Sancte Iohannes) ಮೊದಲಕ್ಷರ S, I ಸೇರಿ ‘ಸಿ’. ಅಂದರೆ ಸಂತನ ಇನಿಷಿಯಲ್ಸ್. ನಿಮ್ಮ ಮಗಳು ಅದನ್ನು ‘ಟಿ’ ಎನ್ನುತ್ತಿದ್ದರೆ ಅದು 19ನೇ ಶತಮಾನದ ಇಂಗ್ಲೆಂಡಿನ ತಿದ್ದುಪಡಿ. ಸೋಲ್, ಸಿ ಎರಡೂ ಒಂದೇ ಅಕ್ಷರದಿಂದ ಶುರುವಾಗಿ, ಚಿಕ್ಕದಾಗಿ ಬರೆಯುವಾಗ ಗೊಂದಲ ಆಗುತ್ತಿತ್ತು.